ಇಪ್ಪತ್ತೆರಡನೆಯ ದಿನ

ಗಾರ್ಮಾಯ್ ಬಂದಾಗ ಇನ್ನೂ ದೀಪ ಹಚ್ಚಿರಲಿಲ್ಲ.
ಫೋಯಾದಿಂದ ಬಂದಿದ್ದಾಳೆ, ಅದೊಂದೇ ಮಾತು ಸಾಕಾಯಿತು
ಗ್ಬಾಂಗಾದ ನಮ್ಮ ಓಣಿಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳಲು.
ನನ್ನ ಬೆನ್ನಿಗೆ ಬಿದ್ದ ತಂಗಿ.
ಹೆಗಲಿಗೆ ಅಕ್ಕಿಚೀಲದಲ್ಲಿ ತುರುಕಿದ ಬಟ್ಟೆ,
ಕಾಲಿಗೆ ಬೇರೆ ಬೇರೆ ಜೋಡಿಯ ಚಪ್ಪಲಿ.
ಮಾವಿನ ಮರ ದಾಟುವ ಮೊದಲೇ ಕೂಗಿದೆ:
ಅಲ್ಲೇ ನಿಲ್ಲು.
ನಿಂತಳು.
ನಿಲ್ಲುತ್ತಾಳೆಂದು ಗೊತ್ತಿದ್ದೇ ಕೂಗಿದೆನೇನೋ.

ಒಳಗೆ ಫ್ಲೋಮೋ, ಏಳು ವರ್ಷ.
ನೆತ್ತರಿನ ಕಣ ಕುಡುಗೋಲಿನಂತೆ ಬಾಗಿವೆ ಅಂದಿದ್ದರು ಡಾಕ್ಟರು;
ಅವನ ಮೈಯೊಳಗೆ ವರ್ಷವಿಡೀ ಕೊಯ್ಲು.
ಬೇರೆ ಮಕ್ಕಳಿಗೆ ನೆಗಡಿ ಆದದ್ದು ಇವನಿಗೆ ಆಸ್ಪತ್ರೆ.
ಆಸ್ಪತ್ರೆಯೋ, ನರ್ಸ್ ಯಾಸಾ ಸತ್ತ ಮೇಲೆ
ಬಾಗಿಲು ಹಾಕಿತ್ತು.

ಅಂಗಳದಾಚೆಯ ಅಡುಗೆ ಗುಡಿಸಲು ಅವಳಿಗೆ.
ನಡುವೆ ನಲ್ಲಿಯ ಬಕೆಟ್ಟು, ಕ್ಲೋರಿನ್ನಿನ ಘಾಟು.
ಮರದ ಬೊಡ್ಡೆಯ ಮೇಲೆ ನಾನು ತಟ್ಟೆ ಇಟ್ಟು ಹಿಂದೆ ಸರಿಯಬೇಕು,
ಆಮೇಲೆ ಅವಳು ಮುಂದೆ ಬರಬೇಕು.
ಒಂದೇ ಬೋಗುಣಿಗೆ ಕೈಹಾಕಿ ಉಂಡವರು ನಾವು,
ಮೀನಿನ ತಲೆ ಯಾರ ಬೆರಳಿಗೆ ಸಿಕ್ಕಿತೆಂದು ಜಗಳಾಡಿದವರು.

ಇಪ್ಪತ್ತೊಂದು ದಿನ, ರೇಡಿಯೋ ಹೇಳಿದ ಲೆಕ್ಕ.
ಇಪ್ಪತ್ತೊಂದು ತಾಳೆಬೀಜ ಡಬ್ಬಿಗೆ ಹಾಕಿ
ಬೆಳಗಿಗೊಂದು ತೆಗೆದು ಕಿಟಕಿಯ ಮೇಲಿಟ್ಟೆ.
ತಾಳೆಣ್ಣೆ ಮಾರುವವಳು,
ಕಣ್ಣಿಗೂ ಅದನ್ನೇ ಬಿಟ್ಟುಕೊಂಡು ಕಾದೆ.
ಅವಳು ಕೆಮ್ಮಿದರೆ ಎಣಿಸಿದೆ.
ಕೆಮ್ಮದಿದ್ದರೆ, ಅಡಗಿಸುತ್ತಿದ್ದಾಳೆ ಅಂದುಕೊಂಡೆ.
ತೊಳೆದ ತಟ್ಟೆಯನ್ನೇ ತೊಳೆದೆ, ಕೈ ಸುಲಿಯಿತು,
ಸುಲಿದಲ್ಲಿ ಉರಿದರೇನೇ ಸಮಾಧಾನ.

ಒಂಬತ್ತನೆಯ ಬೀಜದ ರಾತ್ರಿ ಫ್ಲೋಮೋಗೆ ಜ್ವರ.
ಪ್ರತಿ ಮಳೆಗಾಲಕ್ಕೂ ಬರುವಂಥದ್ದೇ,
ಮೊದಲು ಮೊಣಕಾಲು, ಆಮೇಲೆ ಬೆನ್ನು.
ಗೊತ್ತಿತ್ತು ನನಗೆ. ಗೊತ್ತಿದ್ದೂ
ಸಂತೆಯ ಪ್ಲಾಸ್ಟಿಕ್ ಚೀಲ ಎರಡೂ ಕೈಗೆ ಕಟ್ಟಿಕೊಂಡು
ಮಗನ ಹಣೆ ಮುಟ್ಟಿದೆ.
‘ಅಮ್ಮಾ, ನಿನ್ನ ಕೈ ಯಾಕೆ ಸದ್ದು ಮಾಡ್ತದೆ?’

ಕತ್ತಲಿನಾಚೆಯಿಂದ ಅವಳು:
‘ಅಕ್ಕಾ, ಕಾಲು ನೋವು ಅಂತಾನಾ?’
ಅಂತಾನೆ.
‘ವಾಂತಿ?’
ಇಲ್ಲ.
‘ನನ್ನ ಹತ್ತಿರ ಅವನು ಸುಳಿದೇ ಇಲ್ಲವಲ್ಲ.
ಮಲೇರಿಯಾ ಮಾತ್ರೆ ಕೊಡು. ನೀರು ಕುಡಿಸು, ಲೋಟ ಲೋಟ.
ನಾನಿಲ್ಲಿ ಎಣಿಸ್ತೀನಿ.’
ಎಣಿಸಿದಳು, ಬೆಳಕು ಹರಿಯುವ ತನಕ,
ಲೋಟಕ್ಕೊಂದು ಸಲ ಗುಡಿಸಲ ಕಂಬ ತಟ್ಟುತ್ತ.
ಹೊಸಿಲು ದಾಟಲಿಲ್ಲ.
ಏಳನೆಯದಕ್ಕೋ ಎಂಟನೆಯದಕ್ಕೋ
ಕೈಯ ಚೀಲ ಬಿಚ್ಚಿ ಒಲೆಗೆ ಹಾಕಿದೆ.

ಜ್ವರ ಇಳಿಯಿತು. ಬೀಜಗಳು ಸಾಲುಗಟ್ಟಿದವು.
ಕೊನೆಯದು ಕಿಟಕಿಗೆ ಬಂದ ದಿನ ಗಾರ್ಮಾಯ್
ಮಿಂದು, ತಲೆ ಹೆಣೆದುಕೊಂಡು
ಅದೇ ಮಾವಿನ ಮರದ ಹತ್ತಿರ ನಿಂತಿದ್ದಳು.
ಬಾ ಅನ್ನಲೆಂದು ಬಾಯಿ ತೆರೆದೆ.
‘ಇನ್ನೊಂದು ದಿನ’
ಅಂದಿತು ಬಾಯಿ.
ಅವಳು ನನ್ನನ್ನು ನೋಡಿದಳು, ತುಂಬ ಹೊತ್ತೇನಲ್ಲ.
ಸುತ್ತಿಟ್ಟ ಚಾಪೆ ಎತ್ತಿಕೊಂಡು ವಾಪಸು ಹೋದಳು.

ಆ ಇಪ್ಪತ್ತೊಂದಕ್ಕೆ ನಾನು ಯಾರಿಗೂ ತಲೆ ತಗ್ಗಿಸಬೇಕಿಲ್ಲ.
ನಾಳೆ ಮತ್ತೆ ಬಂದರೂ ಹಾಗೇ ಕೂಗುತ್ತೇನೆ, ಅಲ್ಲೇ ನಿಲ್ಲು.
ಆದರೆ ಫೋಯಾದಲ್ಲಿ ಯಾರನ್ನು ಮಣ್ಣು ಮಾಡಿ ಬಂದೆ ಎಂದು
ಅಂಗಳದ ಈಚೆಯಿಂದಲೂ ಕೇಳಬಹುದಿತ್ತು.
ದನಿಗೆ ಸೋಂಕಿಲ್ಲ.
ಕೇಳಲಿಲ್ಲ.

ಇಪ್ಪತ್ತೆರಡನೆಯದಕ್ಕೆ ಡಬ್ಬಿಯಲ್ಲಿ ಬೀಜವಿರಲಿಲ್ಲ.
ಹಿತ್ತಲೆಲ್ಲ ಹುಡುಕಿ ಒಂದು ತಂದಿಟ್ಟೆ.

ಮರುದಿನ ಒಳಗೆ ಬಂದವಳು ಮೊದಲು ಮುಟ್ಟಿದ್ದು
ನನ್ನನ್ನಲ್ಲ, ಫ್ಲೋಮೋನನ್ನೂ ಅಲ್ಲ.
ಸಾಲಿನ ತುದಿಯ ಆ ಒಂದು ಬೀಜ ಎತ್ತಿ
ಒಲೆಗಲ್ಲಿನ ಮೇಲಿಟ್ಟು ಒಡೆದಳು,
ತಿರುಳನ್ನು ಹುಡುಗನ ಅಂಗೈಗೆ ಹಾಕಿದಳು:
‘ತಿನ್ನು. ಇದು ನಿಮ್ಮಮ್ಮನದು.’